ಕಣ್ಣು ಮುಚ್ಚಿದರೆ ಯೋಚನೆ ಜಾಸ್ತಿ ಆಗುತ್ತಲ್ಲ, ಯಾಕೆ?

ಪ್ರಶ್ನೆ: ಆರು ತಿಂಗಳಿಂದ ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಧ್ಯಾನಕ್ಕೆ ಕೂರುತ್ತಿದ್ದೇನೆ. ಯೋಚನೆ ಕಡಿಮೆ ಆಗುವ ಬದಲು ಜಾಸ್ತಿ ಆಗಿದೆ. ಯೋಚನೆಯೇ ನಿಲ್ಲದಿದ್ದರೆ ಅರಿವು ಅಂದರೇನು ಅಂತ ಗೊತ್ತಾಗುವುದು ಹೇಗೆ? ಎಲ್ಲೋ ತಪ್ಪು ಮಾಡುತ್ತಿದ್ದೇನಾ? ಇಪ್ಪತ್ತು ನಿಮಿಷ ಸಾಲದೇನೋ?

ಉತ್ತರ: ತಪ್ಪೇನೂ ಮಾಡುತ್ತಿಲ್ಲ. ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಾಗ ಗೋಡೆ ಗಡಿಯಾರದ ಟಿಕ್ ಟಿಕ್ ಜೋರಾಗಿ ಕೇಳಿಸುತ್ತದೆ ಅಲ್ವಾ? ಗಡಿಯಾರ ಆಗ ಹೊಸದಾಗಿ ಶುರುವಾದದ್ದಲ್ಲ. ನಿಮ್ಮ ಯೋಚನೆಗಳ ಕಥೆಯೂ ಅಷ್ಟೇ.

ಮನಸ್ಸು ಅಲೆಯುವುದು ಎಷ್ಟು ಸಾಮಾನ್ಯ ಅಂತ ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ಕೇಳಿದ್ದು ಇಷ್ಟು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ? ಶೇ. 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಇವರು ಧ್ಯಾನಕ್ಕೆ ಕೂತವರಲ್ಲ. ಅಡುಗೆ, ಆಫೀಸು, ಓಡಾಟದಲ್ಲಿ ಇದ್ದವರು. ನಮ್ಮ ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ಮನಸ್ಸನ್ನು ಕೊಂಬೆಯ ಮೇಲಿನ ಮಂಗಕ್ಕೆ ಹೋಲಿಸಿದ್ದರು, ಅದೂ ಬೇರೆಯವರ ಮನಸ್ಸನ್ನಲ್ಲ, ತಮ್ಮದನ್ನೇ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು ಇನ್ನೊಂದು ಪ್ರಯೋಗ. ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ನಡೆದು 2012ರಲ್ಲಿ ಪ್ರಕಟವಾದದ್ದು. ಧ್ಯಾನದ ಅಭ್ಯಾಸ ಇದ್ದ 14 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಉಸಿರಿನ ಮೇಲೆ ಗಮನ ಇಡಿ ಅಂದರು. ಮನಸ್ಸು ಎಲ್ಲೋ ಹೋಗಿದೆ ಅಂತ ಗೊತ್ತಾದ ಕೂಡಲೇ ಒಂದು ಗುಂಡಿ ಒತ್ತಿ ಮತ್ತೆ ಉಸಿರಿಗೆ ಬರಬೇಕು. ಆ ಗುಂಡಿಯ ಹಿಂದುಮುಂದಿನ ಕೆಲವೇ ಸೆಕೆಂಡುಗಳನ್ನು ಬಿಡಿಸಿ ನೋಡಿದಾಗ ನಾಲ್ಕು ಘಟ್ಟ ಸಿಕ್ಕವು. ಮನಸ್ಸು ಅಲೆಯುವುದು, ಅಲೆದದ್ದು ಗೊತ್ತಾಗುವುದು, ವಾಪಸು ತರುವುದು, ಉಸಿರಲ್ಲಿ ನಿಲ್ಲುವುದು. ಅಲೆಯುವಾಗ ಮಿದುಳಿನ ಒಂದು ಜಾಲ ಚುರುಕಾಗಿತ್ತು. ಗೊತ್ತಾದ ಗಳಿಗೆಯಲ್ಲಿ ಬೇರೆಯದೇ ಜಾಲ. ಅಭ್ಯಾಸ ಇದ್ದವರ ಮನಸ್ಸೂ ಅಲೆಯುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆ ಗುಂಡಿಗೆ ಕೆಲಸವೇ ಇರುತ್ತಿರಲಿಲ್ಲ.

ನೀವು ಹುಡುಕುತ್ತಿರುವುದು ಆ ಎರಡನೇ ಘಟ್ಟದಲ್ಲೇ ಇದೆ ಅನ್ನಿಸುತ್ತದೆ ನನಗೆ.

ಇಲ್ಲಿ ನಮ್ಮ ಆಡುಮಾತು ಬಹಳ ಸಹಾಯಕ್ಕೆ ಬರುತ್ತದೆ. ಒಲೆ ಮೇಲೆ ಹಾಲಿಟ್ಟು ಪಕ್ಕದಲ್ಲೇ ನಿಂತಿದ್ದೀರಿ. ಹಾಲು ಉಕ್ಕಿತು. ನಿಮಗೆ ಪ್ರಜ್ಞೆ ಇತ್ತು, ತಪ್ಪಿ ಬಿದ್ದಿರಲಿಲ್ಲ. ಕಣ್ಣೂ ತೆರೆದೇ ಇತ್ತು. ಗಮನ ಮಾತ್ರ ನಿನ್ನೆಯ ಯಾವುದೋ ಜಗಳದಲ್ಲಿತ್ತು. ‘ಉಕ್ಕಿದ್ದು ಅರಿವಿಗೇ ಬರಲಿಲ್ಲ’ ಅನ್ನುತ್ತೇವೆ. ಚುಯ್ ಅಂತ ಸದ್ದಾದಾಗ ಬೆಚ್ಚಿ, ‘ಅಯ್ಯೋ’ ಅಂತ ಒಲೆ ಆರಿಸುವ ಮೊದಲು ಒಂದು ಚಿಕ್ಕ ಕ್ಷಣ ಇದೆ ನೋಡಿ. ಅಲ್ಲಿ ಹಾಲೂ ಕಂಡಿತು, ತಾನು ಎಲ್ಲೋ ಹೋಗಿದ್ದೆ ಅನ್ನುವುದೂ ಕಂಡಿತು. ಪ್ರಜ್ಞೆ, ಗಮನ, ಅರಿವು ಮೂರೂ ಬೇರೆ ಬೇರೆ ಅಂತ ಅಡುಗೆಮನೆಯಲ್ಲೇ ತಿಳಿಯುತ್ತದೆ.

ಧ್ಯಾನದಲ್ಲಿ ಆ ಕ್ಷಣ ಇಪ್ಪತ್ತು ನಿಮಿಷದಲ್ಲಿ ಮೂವತ್ತು ಸಲ ಬರಬಹುದು. ನಾವು ಅದನ್ನು ಬೈಯುವುದರಲ್ಲಿ ಕಳೆದುಬಿಡುತ್ತೇವೆ. ನಾನು ಶುರು ಮಾಡಿದಾಗ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದೆ. ನಾಲ್ಕಕ್ಕೆ ಬರುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕಲ್ಲ ಅನ್ನುವ ಯೋಚನೆ. ‘ಥೂ, ಮತ್ತೆ ಹೋಯ್ತು’ ಅಂತ ಬೈದುಕೊಳ್ಳುತ್ತಿದ್ದೆ. ಆ ಬೈಗುಳವೂ ಒಂದು ಯೋಚನೆಯೇ ಅಂತ ತಿಳಿಯಲು ನನಗೆ ವರ್ಷ ಹಿಡಿಯಿತು. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ ಅನ್ನುತ್ತಾನೆ. ಕೃಷ್ಣ ಇಲ್ಲ ಅನ್ನುವುದಿಲ್ಲ, ಹೌದು ಅಂತ ಒಪ್ಪುತ್ತಾನೆ. ಅದು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಕರೆದುಕೊಂಡು ಬಾ ಅನ್ನುವ ಮಾತೂ ಅದೇ ಅಧ್ಯಾಯದಲ್ಲಿದೆ. ಹೋಗದಂತೆ ಕಟ್ಟಿಹಾಕು ಅಂತಲ್ಲ.

ಹಾಗಾಗಿ ಮುಂದಿನ ಸಲ ಮನಸ್ಸು ಹೋದದ್ದು ಗೊತ್ತಾದಾಗ ಉಸಿರಿಗೆ ಓಡಿ ಬರಬೇಡಿ. ಒಂದೆರಡು ಉಸಿರಿನಷ್ಟು ಹೊತ್ತು ಅಲ್ಲೇ ನಿಲ್ಲಿ. ಯೋಚನೆಯ ಬಾಲ ಇನ್ನೂ ಕಾಣುತ್ತಿರುತ್ತದೆ. ಹುಬ್ಬು ಗಂಟಿಕ್ಕಿರಬಹುದು, ಕಾಲಿಗೆ ಜೋಮು ಹಿಡಿದಿರಬಹುದು. ಅವೆಲ್ಲ ಗೊತ್ತಾಗುತ್ತಿವೆ ಅನ್ನುವುದೂ ಗೊತ್ತಾಗುತ್ತದೆ. ಇದಕ್ಕೆ ಯೋಚನೆ ನಿಲ್ಲಬೇಕಾಗಿಲ್ಲ.

ಈಗ ಕಷ್ಟದ ಪ್ರಶ್ನೆ. ಗೊತ್ತಾಯಿತಲ್ಲ, ಯಾರಿಗೆ ಗೊತ್ತಾಯಿತು? ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳಿವೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ. ರಮಣ ಮಹರ್ಷಿಗಳು 1896ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಮದುರೆಯ ಮನೆಯಲ್ಲಿ ಸಾವಿನ ಭಯ ಬಂದಾಗ ಹಿಡಿದದ್ದೂ ಇದೇ ‘ನಾನು ಯಾರು’ ಎಂಬ ಎಳೆಯನ್ನು. ನೋಡುವವನೇ ನಿಜ ಅಂದರು. ಬೌದ್ಧರೂ ಕಣ್ಣು ಮುಚ್ಚಿ ಅಷ್ಟೇ ಶ್ರದ್ಧೆಯಿಂದ ಕೂತವರು. ಅವರೋ, ನೋಡುವುದು ಇದೆ, ನೋಡುವ ‘ನಾನು’ ಅಂತ ಒಂದು ಸಿಗುವುದಿಲ್ಲ ಅಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಕೂತು ನೋಡಿದ್ದರಿಂದಲೇ ಈ ಜಗಳ ಬಗೆಹರಿಯುವುದಾಗಿದ್ದರೆ ಎಂದೋ ಬಗೆಹರಿಯುತ್ತಿತ್ತು. ಆದ್ದರಿಂದ, ‘ಶುದ್ಧ ಪ್ರಜ್ಞೆಯನ್ನೇ ಕಂಡೆ’ ಅಂತ ಯಾರಾದರೂ ಹೇಳಿದರೆ ಅವರ ಅನುಭವವನ್ನು ನಂಬುತ್ತೇನೆ, ಆ ಅನುಭವಕ್ಕೆ ಅವರು ಇಟ್ಟ ಹೆಸರನ್ನು ಅಷ್ಟು ಬೇಗ ಒಪ್ಪುವುದಿಲ್ಲ. ನೀವೂ ನಿಮ್ಮ ಅನುಭವಕ್ಕೆ ಹೆಸರಿಡುವ ಅವಸರ ಮಾಡಬೇಡಿ.

ಒಂದು ಎಚ್ಚರಿಕೆ. ಕೂತಾಗಲೆಲ್ಲ ಎದೆ ಡವಡವ ಅನ್ನುವುದು, ಹಳೆಯ ಆಘಾತ ಮರುಕಳಿಸುವುದು, ನಿದ್ದೆ ಕೆಡುವುದು ಆಗುತ್ತಿದ್ದರೆ ಸಹಿಸಿಕೊಂಡು ಮುಂದುವರಿಸಬೇಡಿ. ನಿಲ್ಲಿಸಿ, ವೈದ್ಯರನ್ನು ಕಾಣಿ.

ಇನ್ನು ಇಪ್ಪತ್ತು ನಿಮಿಷದ ವಿಷಯ. ಧಾರಾಳವಾಗಿ ಸಾಕು. ನಾನೊಮ್ಮೆ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಫೋನ್ ಇಲ್ಲ, ಮಾತಿಲ್ಲ, ಮೊದಲ ಮೂರು ದಿನ ಬರೀ ಉಸಿರು. ಮನೆಗೆ ಹೋದ ಮೇಲೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅಂತ ಹೇಳಿ ಕಳಿಸಿದರು. ಮೂರು ವಾರ ಕೂತೆ. ಈಗ ಮಗಳ ಸ್ಕೂಲ್ ವ್ಯಾನ್ ಬರುವ ಮುಂಚೆ ಎಷ್ಟು ಸಿಗುತ್ತದೋ ಅಷ್ಟು. ಇವತ್ತು ಹದಿನೇಳು ನಿಮಿಷ ಸಿಕ್ಕಿತು, ಅದರಲ್ಲಿ ಐದಾರು ನಿಮಿಷ ಈ ಉತ್ತರವನ್ನೇ ಮನಸ್ಸಿನಲ್ಲಿ ಬರೆಯುತ್ತಾ ಕೂತಿದ್ದೆ.