ಹಿಂದಿನ ಸಾಲಿನಿಂದ ಬಂದ ಪ್ರಶ್ನೆ

ಸಿಂಧನೂರು ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಗುರುತಿನ ರೈತರೊಬ್ಬರು ಬಂದು ಮೊಬೈಲ್ ಮುಂದೆ ಹಿಡಿದರು. "ಸರ, ನಮ್ಮ ಎಂಪಿ ಲೋಕಸಭಾದಾಗ ರೈಲಿನ ಬಗ್ಗೆ ಮಾತಾಡ್ಯಾರ ನೋಡ್ರಿ. ಎರಡು ನಿಮಿಷದ ವಿಡಿಯೊ ಐತಿ. ಇದರಿಂದ ಏನಾರ ಆಗ್ತದೇನ್ರಿ, ಇಲ್ಲಾ ಸುಮ್ನೆ ಮಾತಷ್ಟೇ ಏನು?"

ನಿಂತಲ್ಲೇ ಉತ್ತರ ಕೊಡಲು ನನಗೆ ಆಗಲಿಲ್ಲ. ಸಂಸದರು ಯಾವ ನಿಯಮದ ಅಡಿ ಮಾತಾಡಿದರು ಎಂದು ಮೊದಲು ಗೊತ್ತಾಗಬೇಕು. ವಿಡಿಯೊ ತುಣುಕಿನಲ್ಲಿ ಅದು ಕಾಣಿಸುವುದಿಲ್ಲ. ನಾನು ಹತ್ತೊಂಬತ್ತು ವರ್ಷ ಬೇರೆ ಬೇರೆ ಪಕ್ಷಗಳ ಶಾಸಕರಿಗೆ, ಸಂಸದರಿಗೆ ಪ್ರಶ್ನೆ ಬರೆದುಕೊಡುವ ಕೆಲಸ ಮಾಡಿದ್ದೇನೆ. ಅವರಲ್ಲಿ ಯಾರೂ ಸಚಿವರಾಗಲಿಲ್ಲ. ಎಲ್ಲರೂ ಸದನದ ಹಿಂದಿನ ಸಾಲಿನಲ್ಲಿ ಕೂರುವವರೇ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಜನ ತಮ್ಮ ಪ್ರತಿನಿಧಿಯ ಕೆಲಸವನ್ನು ಹೇಗೆ ಓದಬೇಕು ಅನ್ನುವುದನ್ನು ಆ ಕೆಲಸದಲ್ಲೇ ಕಲಿತೆ.

ಮಧ್ಯಾಹ್ನ 12ಕ್ಕೆ ಶುರುವಾಗುವ ಶೂನ್ಯವೇಳೆಯಲ್ಲಿ ಸದಸ್ಯರು ತುರ್ತು ವಿಷಯ ಎತ್ತಬಹುದು. ಹೆಸರು ಲಾಟರಿಯಲ್ಲಿ ಬರಬೇಕು. ಒಂದೆರಡು ನಿಮಿಷ ಸಿಗುತ್ತದೆ. ಆದರೆ ಸಚಿವರು ಆಗಲೇ ಎದ್ದು ಉತ್ತರ ಕೊಡಬೇಕೆಂದಿಲ್ಲ. ನಮ್ಮ ಮೊಬೈಲಿಗೆ ಬರುವ ವಿಡಿಯೊಗಳಲ್ಲಿ ಇದೇ ಜಾಸ್ತಿ. ಇನ್ನೊಂದು ದಾರಿ ನಿಯಮ 377. ಇಲ್ಲಿ ಗರಿಷ್ಠ 250 ಪದಗಳ ಬರಹ ಕೊಡಬೇಕು. ಅದಕ್ಕೆ ಸಚಿವಾಲಯದಿಂದ ಸದಸ್ಯರಿಗೆ ಲಿಖಿತ ಉತ್ತರ ಬರುತ್ತದೆ. ಶೂನ್ಯವೇಳೆಯಷ್ಟು ಸದ್ದು ಇದರಲ್ಲಿಲ್ಲ. ಕೈಯಲ್ಲಿ ಒಂದು ಕಾಗದ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ದಾರಿ ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಗೆ ಬರುತ್ತವೆ. ಚುಕ್ಕೆ ಇದ್ದರೆ ಸಚಿವರು ನಿಂತು ಉತ್ತರಿಸಬೇಕು, ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. 15 ದಿನ ಮೊದಲೇ ನೋಟಿಸ್ ಕೊಡಬೇಕು, ಪ್ರಶ್ನೆ 150 ಪದ ಮೀರಬಾರದು. ಚುಕ್ಕೆ ಗುರುತಿನ ಪಟ್ಟಿಗೆ ಬಂದರೂ ಮೇಲಿನ ನಾಲ್ಕೈದರಲ್ಲಿ ಇಲ್ಲದಿದ್ದರೆ ಒಂದು ಗಂಟೆಯ ಪ್ರಶ್ನೋತ್ತರ ವೇಳೆಯಲ್ಲಿ ಸರದಿ ಬರುವುದು ಕಷ್ಟ. ಹಾಗಾಗಿ ಹಿಂದಿನ ಸಾಲಿನ ಸದಸ್ಯರ ನಿಜವಾದ ದುಡಿಮೆ ಇರುವುದು ಯಾರ ಕಣ್ಣಿಗೂ ಬೀಳದ ಆ 230ರ ಪಟ್ಟಿಯಲ್ಲಿ. 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಆಗ ಉಳಿದದ್ದೂ ಈ ಲಿಖಿತ ಉತ್ತರಗಳೇ.

ನನ್ನ ಮೊದಲ ವರ್ಷದ ಒಂದು ತಪ್ಪು ಹೇಳುತ್ತೇನೆ. ಮಾನ್ವಿ ಕಡೆಯ ರೈತರು ಬಂದಿದ್ದರು. ಕಾಲುವೆಯ ಕೊನೇ ಭಾಗಕ್ಕೆ ನೀರು ತಲುಪಿರಲಿಲ್ಲ, ಭತ್ತ ಒಣಗುತ್ತಿತ್ತು. ಅವರ ಸಂಕಟ ಕಂಡು ನಾನು ಆವೇಶದಲ್ಲೇ ಪ್ರಶ್ನೆ ಬರೆದೆ. "ಕೊನೇ ಭಾಗದ ರೈತರಿಗೆ ನೀರು ಸಿಗದೆ ಬೆಳೆ ನಾಶವಾಗುತ್ತಿರುವುದು ನಿಜವೇ? ನಿಜವಾದರೆ ಕಾರಣವೇನು? ಸರ್ಕಾರ ಕೈಗೊಂಡ ಕ್ರಮಗಳೇನು?" ಉತ್ತರ ಬಂತು. ಮೊದಲ ಭಾಗಕ್ಕೆ "ಇಲ್ಲ". ಉಳಿದ ಎರಡಕ್ಕೆ "ಉದ್ಭವಿಸುವುದಿಲ್ಲ". ಮುಗಿಯಿತು. ಒಂದೇ ಪದದಲ್ಲಿ ಬಾಗಿಲು ಹಾಕಿದರು. ಆ ಕಾಗದ ಹಿಡಿದುಕೊಂಡು ರೈತರ ಮುಂದೆ ಕೂತಾಗ ನನಗೆ ಬಹಳ ಸಂಕಟವಾಯಿತು. ಬಾಗಿಲು ಹಾಕಲು ಜಾಗ ಮಾಡಿಕೊಟ್ಟದ್ದು ನಾನೇ ಅಲ್ವಾ?

ಅಂದಿನಿಂದ ನಾನು "ನಿಜವೇ" ಎಂಬ ಪದ ಬಳಸುವುದು ಬಿಟ್ಟೆ. ಎಷ್ಟು, ಎಲ್ಲಿ, ಯಾವಾಗ ಎಂದು ಕೇಳಲು ಶುರು ಮಾಡಿದೆ. ಇಂಥ ಉಪಕಾಲುವೆಗೆ ಜುಲೈಯಿಂದ ನವೆಂಬರ್‌ವರೆಗೆ ವಾರವಾರು ಎಷ್ಟು ಕ್ಯೂಸೆಕ್ ಬಿಡಲಾಯಿತು? ಇಂಥ ಮೈಲಿನ ಗೇಜ್‌ನಲ್ಲಿ ಎಷ್ಟು ಅಡಿ ನೀರು ನಿಂತಿತ್ತು? ಇದಕ್ಕೆ "ಇಲ್ಲ" ಎಂದು ಉತ್ತರಿಸಲು ಬರುವುದಿಲ್ಲ. ಅಂಕಿ ಕೊಡಲೇಬೇಕು. ಅಂಕಿ ಬಂದರೆ ರೈತ ಸಂಘದವರು ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಅದನ್ನೇ ಮುಂದಿಟ್ಟು ಮಾತಾಡಬಹುದು.

ಯಾವ ಸದನದಲ್ಲಿ ಕೇಳಬೇಕು ಅನ್ನುವುದೂ ಅಷ್ಟೇ ಮುಖ್ಯ. ತುಂಗಭದ್ರೆಯನ್ನೇ ತೆಗೆದುಕೊಳ್ಳಿ. ಅಣೆಕಟ್ಟೆಯನ್ನು ನೋಡಿಕೊಳ್ಳುವುದು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿ. ಅದು ಅಂತರರಾಜ್ಯ ಸಂಸ್ಥೆ. ಕ್ರಸ್ಟ್ ಗೇಟು, ಹೂಳು, ಅಣೆಕಟ್ಟೆಯ ಸುರಕ್ಷತೆ ಬಗ್ಗೆ ದೆಹಲಿಯಲ್ಲಿ, ಅಂದರೆ ಸಂಸತ್ತಿನಲ್ಲಿ, ಪ್ರಶ್ನೆ ಕೇಳಬಹುದು. ಆದರೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಹೋಗುವ ಎಡದಂಡೆ ಕಾಲುವೆ ಪೂರ್ತಿ ಕರ್ನಾಟಕದ್ದು. ಅದರ ತೂಬು, ಗೇಜು, ಅಕ್ರಮ ಪಂಪ್‌ಸೆಟ್ ಬಗ್ಗೆ ವಿಧಾನಸಭೆಯಲ್ಲೇ ಕೇಳಬೇಕು. ಸಂಸದರು ಅದನ್ನು ಲೋಕಸಭೆಯಲ್ಲಿ ಕೇಳಿದರೆ "ನೀರು ರಾಜ್ಯದ ವಿಷಯ" ಎಂಬ ಒಂದು ಸಾಲು ಬರುತ್ತದೆ. ಜನ ಸಂಸದರನ್ನು ಬೈಯುತ್ತಾರೆ, ಸಂಸದರು ಸರ್ಕಾರವನ್ನು ಬೈಯುತ್ತಾರೆ. ತೂಬು ಇದ್ದ ಹಾಗೇ ಇರುತ್ತದೆ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ನೀರು ಹರಿದುಹೋಗುವುದನ್ನು ನೋಡುತ್ತ ಈ ಭಾಗದ ಎಷ್ಟು ಮನೆಗಳಲ್ಲಿ ಊಟ ಸೇರಲಿಲ್ಲವೋ. ಆಮೇಲೆ ಎಲ್ಲರೂ ಮಾತಾಡಿದರು. ಆದರೆ ನನ್ನ ವೃತ್ತಿಯವರು ಕೇಳಿಕೊಳ್ಳಬೇಕಾದದ್ದು ಬೇರೆ. ಗೇಟು ಹೋಗುವ ಮೊದಲು ಕೇಳಬೇಕಿದ್ದ ಪ್ರಶ್ನೆ ಯಾವುದು? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ತಪಾಸಣೆ ಆಗಬೇಕು. ಹಾಗಾದರೆ ಪ್ರಶ್ನೆ ಸರಳ. 33 ಗೇಟುಗಳ ಪೈಕಿ ಪ್ರತಿಯೊಂದರ ಸರಪಳಿಯನ್ನು ಕೊನೆಯ ಸಲ ಪರೀಕ್ಷಿಸಿದ ದಿನಾಂಕ ಯಾವುದು? ತಪಾಸಣಾ ವರದಿ ಏನು ಹೇಳಿತ್ತು? ಯಾವ ಶಿಫಾರಸು ಬಾಕಿ ಇದೆ? ಇಂಥ ಪ್ರಶ್ನೆ ಟಿವಿಯಲ್ಲಿ ಬರುವುದಿಲ್ಲ. ಆದರೆ ಉತ್ತರ ಬರೆಯಲು ಕೂತ ಎಂಜಿನಿಯರ್ ಕಡತ ತೆಗೆದು ನೋಡಲೇಬೇಕಾಗುತ್ತದೆ. ಪ್ರಶ್ನೆಯ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಅಂಕಿಯ ಬಲ ಏನೆಂದು ಹೂಳಿನ ವಿಷಯದಲ್ಲಿ ನೋಡಬಹುದು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ ಎಂದು ಚಹಾದಂಗಡಿಯಲ್ಲೂ ಜನ ಲೆಕ್ಕ ಹೇಳುತ್ತಾರೆ. ಹೂಳಿನಿಂದ ಕಳೆದುಹೋದಷ್ಟು ನೀರು ಹಿಡಿಯಲು ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಬೇಡಿಕೆ ನಿಂತಿರುವುದೇ ಈ ಅಂಕಿಯ ಮೇಲೆ.

ಇನ್ನು ರೈಲು. ಗಿಣಿಗೇರಾ-ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಕೊಪ್ಪಳ ಜಿಲ್ಲೆಯಾದದ್ದೂ 1997ರಲ್ಲೇ. ರೈಲು ಸಿಂಧನೂರಿಗೆ ಬಂದದ್ದು 2024ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಮಗುವಿಗೆ ಆಗ 26 ತುಂಬಿತ್ತು. ಇಷ್ಟು ವರ್ಷಗಳಲ್ಲಿ ಸಂಸದರು ಬದಲಾದರು, ಪಕ್ಷಗಳು ಬದಲಾದವು. ಆದರೆ ಈ ಮಾರ್ಗದ ಹೆಸರನ್ನು ಸದನದ ಕಡತದಿಂದ ಬೀಳಲು ಬಿಡಬಾರದಿತ್ತು. ಹೆಸರು ಹಾಗೆ ಬೀಳದಂತೆ ನೋಡಿಕೊಳ್ಳುವುದೇ ಹಿಂದಿನ ಸಾಲಿನವರ ಕೆಲಸ. ಮೊದಲು ಪ್ರತ್ಯೇಕ ರೈಲ್ವೆ ಬಜೆಟ್ ಇದ್ದಾಗ ಚರ್ಚೆ ತಡರಾತ್ರಿವರೆಗೂ ನಡೆಯುತ್ತಿತ್ತು. ಒಬ್ಬೊಬ್ಬರೂ ಎದ್ದು ತಮ್ಮೂರ ಮಾರ್ಗ, ತಮ್ಮೂರ ಸ್ಟೇಷನ್ ಹೆಸರು ಹೇಳಿ ಕೂರುತ್ತಿದ್ದರು. 2017ರಲ್ಲಿ ಅದು ಸಾಮಾನ್ಯ ಬಜೆಟ್ಟಿನೊಳಗೆ ಸೇರಿತು. ಈಗ ರೈಲ್ವೆ ಇಲಾಖೆಯ ಅನುದಾನದ ಬೇಡಿಕೆ ಚರ್ಚೆಗೆ ಬಂದರೆ ಬಂತು, ಇಲ್ಲದಿದ್ದರೆ ಕೊನೆಯ ದಿನ ಉಳಿದೆಲ್ಲ ಇಲಾಖೆಗಳ ಜೊತೆ ಚರ್ಚೆಯೇ ಇಲ್ಲದೆ ಮತಕ್ಕೆ ಹೋಗುತ್ತದೆ. ಇದಕ್ಕೆ ಗಿಲೊಟಿನ್ ಅನ್ನುತ್ತಾರೆ. ನಮ್ಮಂಥ ಹಿಂದುಳಿದ ಭಾಗದ ಸದಸ್ಯರಿಗೆ ಇದರಿಂದ ಆದ ನಷ್ಟ ದೊಡ್ಡದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಸಮಯದ ವಿಷಯದಲ್ಲಿ ಸದಸ್ಯರ ಕಷ್ಟವನ್ನೂ ಹೇಳಬೇಕು. ಚರ್ಚೆಯ ಸಮಯ ಪಕ್ಷದ ಬಲದ ಮೇಲೆ ಹಂಚಿಕೆಯಾಗುತ್ತದೆ. ಮುಂದಿನ ಸಾಲಿನ ನಾಯಕರು ಮಾತಾಡಿ ಮುಗಿಸುವಷ್ಟರಲ್ಲಿ ಉಳಿದವರಿಗೆ ಮೂರೋ ನಾಲ್ಕೋ ನಿಮಿಷ. ಗಂಟೆ ಬಾರಿಸಿದರೆ ಕೂರಬೇಕು. ಮತಕ್ಕೆ ಹಾಕಿದಾಗ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಇರುತ್ತದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಅದನ್ನು ಮೀರಿದರೆ ಸ್ಥಾನವೇ ಹೋಗಬಹುದು. ಆದರೆ ಪ್ರಶ್ನೆ ಕೇಳುವುದಕ್ಕೆ ವಿಪ್ ಇಲ್ಲ. ಆಡಳಿತ ಪಕ್ಷದ ಸದಸ್ಯರೂ ತಮ್ಮದೇ ಸರ್ಕಾರವನ್ನು ಕೇಳಬಹುದು. ಫಿರೋಜ್ ಗಾಂಧಿ ಮಾಡಿದ್ದು ಅದನ್ನೇ. ಅವರು ಸಚಿವರಾಗಿರಲಿಲ್ಲ, ಕಾಂಗ್ರೆಸ್ಸಿನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಎಲ್‌ಐಸಿ ಹಣವನ್ನು ಉದ್ಯಮಿ ಮುಂದ್ರಾ ಅವರ ಕಂಪನಿಗಳಲ್ಲಿ ತೊಡಗಿಸಿದ ವಿಷಯವನ್ನು 1957ರ ಡಿಸೆಂಬರಿನಲ್ಲಿ ದಾಖಲೆ ಸಮೇತ ಸದನದ ಮುಂದಿಟ್ಟರು. ಸುಮಾರು ಒಂದೂಕಾಲು ಕೋಟಿ ರೂಪಾಯಿಯ ವ್ಯವಹಾರ. ತನಿಖೆಗೆ ಛಾಗ್ಲಾ ಆಯೋಗ ಕೂತಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

"ನನಗೆ ಇಂಗ್ಲಿಷ್, ಹಿಂದಿ ಬರುವುದಿಲ್ಲ, ಹೇಗೆ ಮಾತಾಡಲಿ" ಎಂದು ಹಿಂಜರಿದವರನ್ನು ನಾನು ನೋಡಿದ್ದೇನೆ. ಅವರಿಗೆ ಜೆ.ಎಚ್. ಪಟೇಲರ ವಿಷಯ ಹೇಳುತ್ತಿದ್ದೆ. 1967ರಲ್ಲಿ ಮೊದಲ ಸಲ ಗೆದ್ದು ಹೋದ ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಸಂವಿಧಾನದ 120ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಈಗ ಅನುವಾದಕರೂ ಇದ್ದಾರೆ. ಕಾಲುವೆ, ತೂಬು, ಎಕರೆ, ಕ್ವಿಂಟಲ್ ಲೆಕ್ಕವನ್ನು ತಾಯ್ನುಡಿಯಲ್ಲಿ ಹೇಳಿದಷ್ಟು ಖಚಿತವಾಗಿ ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಹೇಳಲು ಆಗುವುದಿಲ್ಲ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯಕ್ಕೆ ಬರುತ್ತೇನೆ. ಉತ್ತರಗಳಲ್ಲಿ ಕೆಲವು ಮಾತುಗಳು ಪದೇಪದೇ ಬರುತ್ತವೆ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು." "ಪರಿಶೀಲನೆಯಲ್ಲಿದೆ." ಓದಿದವರು ನಿರಾಶರಾಗಿ ಕಾಗದ ಎಸೆಯುತ್ತಾರೆ. ಎಸೆಯಬೇಡಿ. ಇಂಥ ಮಾತನ್ನು ಸದನ ಭರವಸೆ ಎಂದು ಲೆಕ್ಕ ಹಾಕುತ್ತದೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು. ಇಲ್ಲದಿದ್ದರೆ ಇಲಾಖೆ ಹೆಚ್ಚಿನ ಸಮಯ ಕೇಳಬೇಕು. ಇದನ್ನು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ನಮ್ಮ ವಿಧಾನ ಮಂಡಲದಲ್ಲೂ ಇದೆ. ನಾನು ಕೆಲಸ ಮಾಡಿದ ಒಬ್ಬ ಸದಸ್ಯರು ಹೆಚ್ಚು ಮಾತಾಡುವವರಲ್ಲ. ಆದರೆ ಒಂದು ನೋಟ್‌ಬುಕ್ ಇಟ್ಟಿದ್ದರು. ಎಡಕ್ಕೆ ಭರವಸೆ ಬಂದ ದಿನಾಂಕ, ಬಲಕ್ಕೆ ಮೂರು ತಿಂಗಳ ಮುಂದಿನ ದಿನಾಂಕ. ಆ ದಿನ ದಾಟಿದರೆ ಸಮಿತಿಗೆ ಪತ್ರ ಹೋಗುತ್ತಿತ್ತು, ಮುಂದಿನ ಅಧಿವೇಶನಕ್ಕೆ ಪ್ರಶ್ನೆ ತಯಾರಾಗುತ್ತಿತ್ತು. ಅವರ ಒಂದು ವಿಡಿಯೊ ಕೂಡ ಯಾರ ಮೊಬೈಲಿನಲ್ಲೂ ಓಡಾಡಲಿಲ್ಲ. ನಾನು ಕಂಡವರಲ್ಲಿ ಅತಿ ಹೆಚ್ಚು ಕೆಲಸ ಮಾಡಿಸಿದವರು ಅವರೇ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವಿಷಯದಲ್ಲೂ ನೋಡಿ. 2012ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿ ಒಪ್ಪಿತು. ದಶಕಗಳ ಹೋರಾಟಕ್ಕೆ ಫಲ ಸಿಕ್ಕಿತು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ್ದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಆ ವರದಿಯ ಅಂಕಿ ಇಲ್ಲದಿದ್ದರೆ ನಮ್ಮ ಮಾತಿಗೆ ಇಷ್ಟು ತೂಕ ಬರುತ್ತಿರಲಿಲ್ಲ. ಆದರೆ ಕಾನೂನು ಬಂದ ಮೇಲೆ ಪ್ರಶ್ನೆ ನಿಲ್ಲಬಾರದು. ಯಾವ ಇಲಾಖೆಯಲ್ಲಿ ಎಷ್ಟು ಸ್ಥಳೀಯ ಹುದ್ದೆ ಖಾಲಿ ಇವೆ? ಕಲ್ಯಾಣ ಕರ್ನಾಟಕ ಮಂಡಳಿಗೆ ಬಂದ ಹಣದಲ್ಲಿ ವರ್ಷದ ಕೊನೆಗೆ ಎಷ್ಟು ಉಳಿಯಿತು? ತಾಲ್ಲೂಕುವಾರು ಕೇಳಬೇಕು, ಪ್ರತಿ ಅಧಿವೇಶನದಲ್ಲೂ ಕೇಳಬೇಕು. ರಾಯಚೂರಿನ ಏಮ್ಸ್ ಬೇಡಿಕೆಗೂ ಇದೇ ಮಾತು. 2022ರಿಂದ ಜನ ಧರಣಿ ಕೂತಿದ್ದು ಕಣ್ಣಿಗೆ ಕಂಡಿದೆ. ಅದರ ಪ್ರಸ್ತಾವ ಯಾವ ಟೇಬಲ್ ಮೇಲಿದೆ ಎಂದು ಹೇಳಿಸುವುದು ಸದನದೊಳಗೆ ಇರುವವರ ಕೆಲಸ.

ಸಿಂಧನೂರಿನ ಆ ರೈತರಿಗೆ ಮಾರನೇ ದಿನ ಫೋನ್ ಮಾಡಿದೆ. ಸಿಂಧನೂರು ರಾಯಚೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೊಪ್ಪಳ ಕ್ಷೇತ್ರಕ್ಕೆ ಸೇರುತ್ತದೆ. ಅದು ಅವರಿಗೆ ಗೊತ್ತಿತ್ತು. ಸಂಸತ್ತಿನ ವೆಬ್‌ಸೈಟಿನಲ್ಲಿ ಸದಸ್ಯರ ಹೆಸರು ಹಾಕಿದರೆ ಅವರು ಕೇಳಿದ ಪ್ರಶ್ನೆ, ಬಂದ ಉತ್ತರ ಎಲ್ಲ ಸಿಗುತ್ತವೆ ಅನ್ನುವುದು ಗೊತ್ತಿರಲಿಲ್ಲ. ಅವರ ಮಗಳು ಡಿಗ್ರಿ ಓದುತ್ತಿದ್ದಾಳೆ. ರಾತ್ರಿ ಕೂತು ಹುಡುಕಿದಳಂತೆ. ಮೂರನೇ ದಿನ ನನ್ನ ವಾಟ್ಸಾಪಿಗೆ ಒಂದು ಹಾಳೆಯ ಫೋಟೊ ಬಂತು. ಸಿಂಧನೂರಿನಿಂದ ಮುಂದೆ ರಾಯಚೂರಿನವರೆಗಿನ ಕೆಲಸದ ಬಗ್ಗೆ ಸಂಸದರಿಗೆ ಕೊಡಲು ಅವಳೇ ಬರೆದ ಪ್ರಶ್ನೆ. ಯಾವ ಊರಿನಲ್ಲಿ ಎಷ್ಟು ಎಕರೆ ಭೂಮಿ ಇನ್ನೂ ಕೈಗೆ ಬಂದಿಲ್ಲ, ಕಳೆದ ಮೂರು ವರ್ಷದಲ್ಲಿ ಎಷ್ಟು ಹಣ ಬಿಡುಗಡೆಯಾಗಿ ಎಷ್ಟು ಖರ್ಚಾಯಿತು, ರಾಜ್ಯದ ಪಾಲು ಬಂದಿದೆಯೋ ಇಲ್ಲವೋ. ಚೆನ್ನಾಗಿ ಬರೆದಿದ್ದಳು. ಮೊದಲ ಸಾಲಿನಲ್ಲಿ "ವಿಳಂಬವಾಗುತ್ತಿರುವುದು ನಿಜವೇ" ಎಂದಿತ್ತು. ಅದೊಂದನ್ನು ಹೊಡೆದು ವಾಪಸ್ ಕಳಿಸಿದ್ದೇನೆ.