ಢೋಲಿನ ಅಲೆ, ತಾಶಾದ ಅಲೆ

ಮಳೆಗಾಲ ಮುಗಿದ ಮೇಲೆ ಪುಣೆಯ ನಾವು ಕೆಲವು ಕನ್ನಡಿಗರು ತೋರಣಾ ಕೋಟೆ ಹತ್ತುತ್ತೇವೆ. ಈ ಸಲ ಇಳಿದದ್ದು ಆಚೆ ಕಡೆಯ ಕಣಿವೆಗೆ. ಕೋಟೆಯ ಮೇಲೆ ಫೋನಿಗೆ ಪೂರ್ತಿ ಸಿಗ್ನಲ್ ಇತ್ತು. ಕೆಳಗೆ ಒಂದು ಕಡ್ಡಿಯೂ ಇಲ್ಲ. ಚಹಾ ಕೊಟ್ಟ ಅಜ್ಜಿ ಮಗನಿಗೆ ಫೋನ್ ಮಾಡಬೇಕಾದರೆ ಎದುರಿನ ದಿಬ್ಬ ಹತ್ತುತ್ತಾರಂತೆ.

"5ಜಿ ಬಂದದಲ್ಲೋ, ಇನ್ನ ಎಲ್ಲಾ ಸರಿ ಹೋಗ್ತದ ಬಿಡು" ಎಂದ ಹುಬ್ಬಳ್ಳಿಯ ಗೆಳೆಯ. ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲು ಆಗುವುದಿಲ್ಲ, ಕಣಿವೆಗೆ 5ಜಿ ಯಾಕೆ ಸಾಲದು ಎಂದು ಹೇಳಲೇಬೇಕು ಅನ್ನಿಸುತ್ತದೆ.

1660ರಲ್ಲಿ ಶಿವಾಜಿ ವಿಶಾಳಗಡ ಕೋಟೆ ತಲುಪಿದ ಸುದ್ದಿಯನ್ನು, ಹಿಂದೆ ಉಳಿದು ಶತ್ರುಗಳನ್ನು ತಡೆಯುತ್ತಿದ್ದ ಅವನ ಸರದಾರ ಬಾಜಿಪ್ರಭುವಿಗೆ ತೋಪು ಹಾರಿಸಿ ತಿಳಿಸಿದರು ಎಂಬ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಪಂಜು ಯಾಕೆ ಬೀಸಲಿಲ್ಲ? ಬೆಳಕಿನ ಅಲೆ ತೀರಾ ಸಣ್ಣದು, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ತೋಪಿನ ದಪ್ಪ ಸದ್ದಿನ ಅಲೆ ಹಲವು ಮೀಟರ್ ಉದ್ದ. ಅದು ಗುಡ್ಡದ ನೆತ್ತಿಯಲ್ಲಿ ಬಾಗಿ ಆಚೆಗೆ ಇಳಿಯುತ್ತದೆ. ಪುಣೆಯ ಗಣಪತಿ ಮೆರವಣಿಗೆಯಲ್ಲೂ ಹೀಗೇ ಅಲ್ವಾ? ಓಣಿ ತಿರುಗುವ ಮೊದಲೇ ಢೋಲ್ ಕೇಳುತ್ತದೆ. ತಾಶಾ ಎಂಬ ಸಣ್ಣ ಚರ್ಮವಾದ್ಯದ ಚಟಚಟ ಸರಿಯಾಗಿ ಕೇಳುವುದು ಎದುರಿಗೆ ಬಂದ ಮೇಲೇ. ಕೆರೆಯಲ್ಲಿ ದೊಡ್ಡ ಅಲೆ ಬಂಡೆಯನ್ನು ಸುತ್ತಿಕೊಂಡು ಹೋಗುತ್ತದೆ, ಸಣ್ಣ ಅಲೆಗೆ ಬಂಡೆಯ ಹಿಂದೆ ಜಾಗವೇ ಸಿಗುವುದಿಲ್ಲ.

ಮೊಬೈಲ್ ಸಿಗ್ನಲ್ಲೂ ಅಲೆಯೇ. ಅದರಲ್ಲಿ 700 ಮೆಗಾಹರ್ಟ್ಸ್ (ಸೆಕೆಂಡಿಗೆ 70 ಕೋಟಿ ಕಂಪನ) ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. ಅದು ಢೋಲು. ನಮ್ಮ 5ಜಿ ಹೆಚ್ಚಾಗಿ ಓಡುವ 3500ರ ಆಸುಪಾಸಿನ ಅಲೆ ಒಂಬತ್ತು ಸೆಂಟಿಮೀಟರೂ ಇಲ್ಲ. ಅದು ತಾಶಾ. ಪೇಟೆಯಲ್ಲಿ ವೇಗಕ್ಕೆ ಅದೇ ಬೇಕು, ಕಣಿವೆಗೆ ಮಾತ್ರ ಢೋಲೇ ಬೇಕು. ಇನ್ನೊಂದು ಸಂಗತಿ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. 4ಜಿ ಫೋನಿನ ದನಿ ಹೆಚ್ಚೆಂದರೆ 0.2 ವ್ಯಾಟ್. ಎಷ್ಟೋ ಸಲ ಟವರ್ ಕೂಗಿದ್ದು ನಮಗೆ ಕೇಳಿರುತ್ತದೆ, ನಾವು ಓಗೊಟ್ಟಿದ್ದು ಅದಕ್ಕೆ ಕೇಳಿರುವುದಿಲ್ಲ.

ಹಾಗಾದರೆ ಕಣಿವೆಗೊಂದು ಟವರ್ ಹಾಕಬಾರದೇ? ಐವತ್ತು ಮನೆಯ ರೀಚಾರ್ಜಿನಿಂದ ಅದರ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಅದಕ್ಕೇ 2002ರಲ್ಲಿ ಸರಕಾರ ಒಂದು ನಿಧಿ ಶುರು ಮಾಡಿತು. ಕಂಪನಿಗಳು ತಮ್ಮ ವರಮಾನದಲ್ಲಿ 5% ಅದಕ್ಕೆ ಕಟ್ಟುತ್ತವೆ. ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. 2007ರ ಯೋಜನೆಯಲ್ಲಿ ಕಡಿಮೆ ಸಹಾಯಧನ ಕೇಳಿದವರಿಗೆ ಕೆಲಸ ಕೊಟ್ಟು, ದೇಶದ ಹಳ್ಳಿಗಳಲ್ಲಿ 7,300ಕ್ಕೂ ಹೆಚ್ಚು ಟವರ್ ನಿಂತವು. ಒಂದೊಂದನ್ನೂ ಮೂರು ಕಂಪನಿಗಳು ಹಂಚಿಕೊಳ್ಳುವಂತೆ ಕಟ್ಟಿದ್ದರು. ನನಗೆ ಬಹಳ ಹಿಡಿಸಿದ್ದು ಇದೇ. ಗುಡ್ಡಗಾಡಿನಲ್ಲಿ ಟವರಿಗೆ ಒಳ್ಳೆಯ ಜಾಗ ಸಿಗುವುದೇ ಒಂದು, ಅಲ್ಲಿ ಮೂರು ಕಂಬ ಯಾಕೆ? ಆದರೆ ದುಡ್ಡು ಕೊಡುವಾಗ ಟವರ್ ಎಣಿಸಿದರೆ ಸಾಲದು. ಯಾವ ಅಲೆ ಹಾಕುತ್ತೀರಿ ಅಂತಲೂ ಕೇಳಬೇಕು.

ಅಜ್ಜಿಯ ದಿಬ್ಬವನ್ನು ನಾವೂ ಹತ್ತಿದೆವು. ಅದರ ಬುಡದವರೆಗೆ ಕರೆಂಟ್ ಕಂಬ ಬಂದಿದೆ. ಮೇಲೆ ನಿಂತರೆ ಕಣಿವೆಯ ಆರು ವಾಡಿಗಳೂ (ಪುಟ್ಟ ಹಳ್ಳಿಗಳು) ಕಾಣುತ್ತವೆ.