ಸಾವಯವ ಸೌರಕೋಶ: ಪಾಲಿಮರ್‌ಗಳನ್ನು ಹದಗೊಳಿಸಿದ ನಾಲ್ಕು ದಶಕಗಳು

ಪ್ಲಾಸ್ಟಿಕ್ ಎಂದರೆ ವಿದ್ಯುತ್ ಹರಿಯಗೊಡದ ವಸ್ತು ಎಂಬ ತಿಳಿವಳಿಕೆ 1977ರಲ್ಲಿ ಬದಲಾಯಿತು. ಪಾಲಿಅಸಿಟಲೀನ್ ಎಂಬ ಪಾಲಿಮರನ್ನು (ಸಣ್ಣ ಘಟಕಗಳು ಸರಪಳಿಯಾಗಿ ಬೆಸೆದ ದೊಡ್ಡ ಅಣುವನ್ನು) ಅಯೋಡಿನ್ ಆವಿಗೆ ಒಡ್ಡಿದರೆ ಅದರ ವಾಹಕತೆ ಲಕ್ಷಾಂತರ ಪಟ್ಟು ಏರುತ್ತದೆಂದು ಅಲನ್ ಹೀಗರ್, ಅಲನ್ ಮ್ಯಾಕ್‌ಡಿಯಾರ್ಮಿಡ್ ಮತ್ತು ಹಿಡೆಕಿ ಶಿರಾಕಾವಾ ತೋರಿಸಿದರು. 2000ದಲ್ಲಿ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂದಿತು. ಆದರೆ ವಿದ್ಯುತ್ತನ್ನು ಹರಿಸುವುದು ಬೇರೆ, ಬೆಳಕಿನಿಂದ ವಿದ್ಯುತ್ತನ್ನು ಪಡೆಯುವುದು ಬೇರೆ. ಸಾವಯವ, ಅಂದರೆ ಇಂಗಾಲ ಮೂಲದ ವಸ್ತುಗಳ ಸೌರಕೋಶಕ್ಕೆ ಬೇಕಾದದ್ದು ಈ ಎರಡನೆಯದು.

ಸಾಮಾನ್ಯ ಸೌರಕೋಶಗಳಲ್ಲಿರುವ ಸಿಲಿಕಾನ್ ಮೇಲೆ ಬೆಳಕು ಬಿದ್ದೊಡನೆ ಎಲೆಕ್ಟ್ರಾನ್ ಬಹುಪಾಲು ಸ್ವತಂತ್ರವಾಗಿಬಿಡುತ್ತದೆ. ಪಾಲಿಮರ್‌ನಲ್ಲಿ ಹಾಗಲ್ಲ, ಎಲೆಕ್ಟ್ರಾನ್ ತಾನು ತೆರವುಗೊಳಿಸಿದ ಧನ ರಂಧ್ರಕ್ಕೆ ಅಂಟಿಕೊಂಡೇ ಇರುತ್ತದೆ. ಈ ಜೋಡಿಯ ಹೆಸರು ಎಕ್ಸಿಟಾನ್. ಅದು ಸುಮಾರು 10 ನ್ಯಾನೋಮೀಟರ್ ಚಲಿಸುವಷ್ಟರಲ್ಲಿ ಬೇರ್ಪಡದಿದ್ದರೆ ಹೀರಿದ ಶಕ್ತಿ ವ್ಯರ್ಥವಾಗುತ್ತದೆ. ಬೆಳಕನ್ನು ಸಾಕಷ್ಟು ಹೀರಲು ಮಾತ್ರ ಪದರವು 100 ನ್ಯಾನೋಮೀಟರ್‌ನಷ್ಟಾದರೂ ದಪ್ಪವಿರಬೇಕು. ಈ ಕ್ಷೇತ್ರದ ಇತಿಹಾಸವೆಲ್ಲ ಈ ಎರಡು ಅಳತೆಗಳ ನಡುವಿನ ಹೊಂದಾಣಿಕೆಯ ಹುಡುಕಾಟವೆಂದೇ ನನ್ನ ಭಾವನೆ.

1986ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಚಿಂಗ್ ಟ್ಯಾಂಗ್, ಎಲೆಕ್ಟ್ರಾನ್ ಕೊಡುವ ಮತ್ತು ಪಡೆಯುವ ಸಣ್ಣ ಅಣುಗಳನ್ನು ಎರಡು ಪದರಗಳಾಗಿ ಜೋಡಿಸಿ ಸುಮಾರು ಶೇ 1ರಷ್ಟು ದಕ್ಷತೆ ಪಡೆದರು, ಅಂದರೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಅಷ್ಟು ಪಾಲು ವಿದ್ಯುತ್ತಾಯಿತು. ಪಾಲಿಮರ್‌ನಿಂದ ಫುಲ್ಲರೀನ್ ಎಂಬ ಚೆಂಡಿನಾಕಾರದ ಇಂಗಾಲದ ಅಣುವಿಗೆ ಎಲೆಕ್ಟ್ರಾನ್ ಅತಿ ವೇಗವಾಗಿ ಜಿಗಿಯುತ್ತದೆಂದು 1992ರಲ್ಲಿ ತಿಳಿಯಿತು. 1995ರಲ್ಲಿ ಹೀಗರ್ ಅವರ ತಂಡ ಎರಡನ್ನೂ ಒಂದೇ ದ್ರಾವಣದಲ್ಲಿ ಬೆರೆಸಿ ಲೇಪಿಸಿತು. ದ್ರಾವಕ ಆರುತ್ತಿದ್ದಂತೆ ಎರಡೂ ಸೂಕ್ಷ್ಮ ಎಳೆಗಳಾಗಿ ಹೆಣೆದುಕೊಂಡು, ಎಕ್ಸಿಟಾನ್ ಎಲ್ಲಿ ಹುಟ್ಟಿದರೂ ಹತ್ತಿರದಲ್ಲೇ ಅದು ಬೇರ್ಪಡಬಲ್ಲ ಒಂದು ಗಡಿ ಸಿಗುವಂತಾಯಿತು. ಹೆಣಿಗೆ ತೀರಾ ಒರಟಾದರೆ ಎಕ್ಸಿಟಾನ್ ಗಡಿ ಮುಟ್ಟದು, ತೀರಾ ನವಿರಾದರೆ ವಿದ್ಯುದಾವೇಶ ಹೊರಬರಲು ದಾರಿ ಕಾಣದು. ಪಿ3ಎಚ್‌ಟಿ ಎಂಬ ಪಾಲಿಮರ್ ಬಳಸಿದ ಪದರಗಳನ್ನು ಹದವಾಗಿ ಕಾಯಿಸಿ ಈ ಹೆಣಿಗೆಯನ್ನು ತಿದ್ದಿದ್ದರಿಂದಲೇ 2005ರ ವೇಳೆಗೆ ದಕ್ಷತೆ ಶೇ 4ರಿಂದ 5ಕ್ಕೆ ತಲುಪಿತು.

ಪಿ3ಎಚ್‌ಟಿ ಸುಮಾರು 650 ನ್ಯಾನೋಮೀಟರ್‌ಗಿಂತ ಉದ್ದದ ತರಂಗಗಳನ್ನು ಹೀರುವುದಿಲ್ಲ. ಆದ್ದರಿಂದ ಎಲೆಕ್ಟ್ರಾನ್ ನೀಡುವ ಮತ್ತು ಸೆಳೆಯುವ ಘಟಕಗಳನ್ನು ಒಂದೇ ಸರಪಳಿಯಲ್ಲಿ ಒಂದಾದ ಮೇಲೊಂದರಂತೆ ಪೋಣಿಸಿ, ಕೆಂಪು ಬೆಳಕನ್ನೂ ಹೀರುವ ಪಾಲಿಮರ್‌ಗಳನ್ನು ರೂಪಿಸಲಾಯಿತು. 2010ರಲ್ಲಿ ಇಂಥ ಪಿಟಿಬಿ7 ಎಂಬ ಪಾಲಿಮರ್‌ನ ಕೋಶದ ದಕ್ಷತೆ ಶೇ 7 ದಾಟಿತು. ಇಲ್ಲಿ ಮುಖ್ಯ ಸರಪಳಿಯ ಬದಿಗೆ ಜೋಡಿಸುವ ಕಿರು ಸರಪಳಿಗಳ ಆಯ್ಕೆಯೇ ಸೂಕ್ಷ್ಮ ಕೆಲಸ: ಅವಿಲ್ಲದೆ ಪಾಲಿಮರ್ ಕರಗುವುದಿಲ್ಲ, ಅತಿಯಾದರೆ ಆವೇಶದ ಚಲನೆಗೆ ಅವೇ ಅಡ್ಡಿ.

ಮುಂದಿನ ಬದಲಾವಣೆ ಬಂದದ್ದು ಪಾಲಿಮರ್‌ನ ಜೊತೆಗಾರನಿಂದ. ಫುಲ್ಲರೀನ್ ಗೋಚರ ಬೆಳಕನ್ನು ಹೀರುವುದು ಕಡಿಮೆ. ಅದರ ಶಕ್ತಿಮಟ್ಟಗಳನ್ನು ತಿದ್ದುವುದೂ ಕಷ್ಟ. ಚೀನಾದ ಸಂಶೋಧಕರು 2015ರಲ್ಲಿ ಐಟಿಐಸಿ, 2019ರಲ್ಲಿ ವೈ6 ಎಂಬ, ಫುಲ್ಲರೀನ್ ಬದಲು ಎಲೆಕ್ಟ್ರಾನ್ ಪಡೆಯುವ ಅಣುಗಳನ್ನು ಪ್ರಕಟಿಸಿದರು. ವೈ6 ಅವಕೆಂಪು ಕಿರಣಗಳನ್ನೂ ಹೀರುವುದರಿಂದ ಪಾಲಿಮರ್‌ನ ಹೊಣೆ ತಿರುಗುಮುರುಗಾಯಿತು. ಈಗ ಬೇಕಾದದ್ದು ನೀಲಿ, ಹಸಿರು ಭಾಗವನ್ನು ಚೆನ್ನಾಗಿ ಹೀರುವ ಪಾಲಿಮರ್. ಪಿಎಂ6 ಎಂಬ ಪಾಲಿಮರ್ ಅದಕ್ಕೆ ಒದಗಿಬಂದು ದಕ್ಷತೆ ಶೇ 15.7ಕ್ಕೆ ಏರಿತು. ಇಂದು ಪ್ರಯೋಗಾಲಯದ ಪುಟ್ಟ ಕೋಶಗಳು ಶೇ 20ರ ಆಸುಪಾಸಿನಲ್ಲಿವೆ.

ಈ ಅಂಕಿಯಷ್ಟೇ ಗೆಲುವಲ್ಲ. ಒಂದು ಬಾರಿ ತಯಾರಿಸಿದ ಪಾಲಿಮರ್‌ನ ಸರಪಳಿಯ ಉದ್ದ ಮತ್ತೊಂದು ಬಾರಿಯದಕ್ಕೆ ಸರಿಹೊಂದದಿದ್ದರೆ ಕೋಶದ ವರ್ತನೆಯೇ ಬೇರೆಯಾಗುತ್ತದೆ. ಬಿಸಿಲಿನ ಕಾವಿಗೆ ಸಣ್ಣ ಅಣುಗಳು ನಿಧಾನವಾಗಿ ಸರಿದು ಗುಂಪುಗೂಡಿ, ಅಷ್ಟು ಕಷ್ಟಪಟ್ಟು ಮೂಡಿಸಿದ ಹೆಣಿಗೆಯನ್ನು ಕೆಡಿಸುತ್ತವೆ. ವೈ6ನಂಥ ಅಣುಗಳನ್ನೇ ಸರಪಳಿಯಾಗಿ ಬೆಸೆದು, ಕೊಡುವ ಮತ್ತು ಪಡೆಯುವ ಎರಡೂ ವಸ್ತುಗಳನ್ನು ಪಾಲಿಮರ್‌ಗಳನ್ನಾಗಿ ಮಾಡುವ ಪ್ರಯತ್ನಗಳು ನಡೆಯುತ್ತಿರುವುದು ಈ ಚಲನೆಯನ್ನು ತಡೆಯಲೆಂದೇ.